ಏಕಾಕಿವಾಣಿಜ್ಯಮೀಮಾಂಸೆ: ಒಂಟಿ ದರ್ಜಿಯ ಬಳಗವನ್ನು ಕುರಿತು

ಶಾಸ್ತ್ರಗ್ರಂಥಗಳು ವಿಘ್ನನಿವಾರಕನ ಸ್ತುತಿಯಿಂದ ಆರಂಭವಾಗತಕ್ಕವೆಂಬುದು ಶಿಷ್ಟಾಚಾರವೇ ಸರಿ; ಆದರೆ ಪ್ರಕೃತ ಶಾಸ್ತ್ರದಲ್ಲಿ ವಿಘ್ನವೇ ಪ್ರಧಾನ ಪ್ರಮೇಯವಾಗಿರುವುದರಿಂದಲೂ, ಅದು ನಿವಾರಣೆಯಾದೊಡನೆ ಗ್ರಂಥದ ಪ್ರತಿಪಾದ್ಯವೇ ಇಲ್ಲವಾಗುವುದರಿಂದಲೂ, ನಾವು ಮಂಗಳಾಚರಣೆಯನ್ನು ಬುದ್ಧಿಪೂರ್ವಕವಾಗಿ ಕೈಬಿಟ್ಟು ನೇರವಾಗಿ ಅನುಬಂಧಚತುಷ್ಟಯಕ್ಕೆ ಬರುತ್ತೇವೆ. ಒಬ್ಬನೇ ಒಬ್ಬನು ನಡೆಸುವ ಉದ್ಯೋಗದ ಸುತ್ತ, ಸಂಬಳವಿಲ್ಲದೆ, ಕರೆಯಿಲ್ಲದೆ, ಬಹುಮಟ್ಟಿಗೆ ಕೆಲಸವೂ ಇಲ್ಲದೆ, ದಿನದಿನವೂ ನೆರೆಯುವ ಜನಸಮೂಹವು ಯಾವ ಕಾರಣದಿಂದ ಹುಟ್ಟಿ ಯಾವ ಬಲದಿಂದ ಉಳಿಯುವುದೆಂಬುದು ಇಲ್ಲಿಯ ವಿಷಯ. ಅಂಥ ಬಳಗವನ್ನು ಬಯಸುವವನಿಗೆ ಅದರ ಲಾಭವೂ, ಈಗಾಗಲೇ ಲಭಿಸಿದವನಿಗೆ ಸಮಾಧಾನವೂ ಪ್ರಯೋಜನ. ಹೊಲಿಯಲು ಕೊಟ್ಟ ಅರಿವೆಗಾಗಿ ಮೂರು ಬಾರಿಯಾದರೂ ಹೋಗಿ ಬರಿಗೈಯಿಂದ ಮರಳಿದವನೇ ಅಧಿಕಾರಿ. ಹೇಳಿದ ದಿನಕ್ಕೇ ಅಂಗಿಯು ಕೈಸೇರಿದ ದುರ್ದೈವಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಸಂಬಂಧವು ನೂಲಿನದೆಂಬುದನ್ನು ವಿವರಿಸಬೇಕಾಗಿಲ್ಲ.

ದೃಷ್ಟಾಂತಕ್ಕಾಗಿ ನಾವು ಧಾರವಾಡದ ಓಣಿಯೊಂದರ ದರ್ಜಿಯನ್ನು ಆರಿಸಿಕೊಂಡಿದ್ದೇವೆ. ಆತನ ಅಂಗಡಿಯಲ್ಲಿ ಯಂತ್ರವೊಂದು, ಕತ್ತರಿಸುವ ಮೇಜೊಂದು, ಇದ್ದಿಲ ಇಸ್ತ್ರಿಯೊಂದು, ಆತನೊಬ್ಬನು. ಐದನೆಯ ವಸ್ತುವಿಗೆ ಒಳಗೆ ಎಡೆಯಿಲ್ಲದುದರಿಂದ ಬಾಕೊಂದನ್ನು ಹೊರಗೆ ಹಾಕಲಾಗಿದೆ. ಈ ಬಾಕಿನ ಮೇಲೆ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನ ತನಕ ಕುಳಿತಿರುವವರಲ್ಲಿ ನಿವೃತ್ತ ಮಾಸ್ತರರಿರುವರು, ಹಾಲು ಹಾಕಿ ಬಂದವನಿರುವನು, ಕಾಲೇಜಿಗೆ ಹೊರಟು ಅಲ್ಲಿಗೆ ಮುಟ್ಟದ ತರುಣನಿರುವನು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಗೆ ಏಳುವ ಹಿರಿಯರೊಬ್ಬರಿರುವರು. ಇವರು ಆಜನ್ಮ ಧೋತರ ಉಟ್ಟು ಶಲ್ಯ ಹೊದ್ದವರು, ಎಂದರೆ ಹೊಲಿಗೆಯ ಸಂಪರ್ಕವೇ ಇಲ್ಲದ ವಸ್ತ್ರಗಳನ್ನು ಮಾತ್ರ ಧರಿಸಿದವರು. ಆ ಅಂಗಡಿಗೆ ಇವರಿಂದ ಇದುವರೆಗೆ ಒಂದು ಗುಂಡಿಯ ವ್ಯಾಪಾರವೂ ಆಗಿಲ್ಲ. ಸ್ಥೂಲದೃಷ್ಟಿಯುಳ್ಳ ಅರ್ಥಶಾಸ್ತ್ರಜ್ಞರು ಇವರನ್ನು ಗಿರಾಕಿಯೆಂದು ಎಣಿಸಲಾರರು. ನಮ್ಮ ಸಿದ್ಧಾಂತದಲ್ಲಿ ಇವರೇ ಪರಮಪ್ರಮಾಣ; ಕೊಳ್ಳುವ ಉದ್ದೇಶದಿಂದ ಬಂದವನು ಗಿರಾಕಿ, ಯಾವ ಉದ್ದೇಶವೂ ಇಲ್ಲದೆ ಬಂದವನು ಬಳಗ.

ಇನ್ನು ಪೂರ್ವಪಕ್ಷ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ದೊರೆತು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವು, ಒಂದೇ ಚಕ್ರದಿಂದ ರಥವು ಉರುಳದು, ಸಹಾಯವಿಲ್ಲದೆ ರಾಜ್ಯಭಾರವು ಸಾಗದು ಎಂಬ ಅಭಿಪ್ರಾಯವನ್ನು ಮುಂದಿಡುವುದರಿಂದ, ಏಕಾಕಿಯಾದವನು ಉದ್ಯಮವನ್ನು ನಡೆಸುವನೆಂಬುದೇ ಅಸಂಗತವೆಂದು ಕೆಲವರು ಆಕ್ಷೇಪಿಸುವರು. ಇದಕ್ಕೆ ಸಮಾಧಾನವನ್ನು ಹೊಲಿಗೆಯ ಯಂತ್ರವೇ ಹೇಳುವುದು. ಅದರಲ್ಲಿ ಕೆಳಗೊಂದು ದೊಡ್ಡ ಚಕ್ರವೂ ಮೇಲೊಂದು ಕೈಚಕ್ರವೂ ಇದ್ದು, ಎರಡನ್ನೂ ಚರ್ಮದ ಪಟ್ಟೆಯೊಂದು ಕೂಡಿಸಿರುವುದು. ಒಂದೇ ಚಕ್ರವು ಸಾಗದೆಂಬ ಆಚಾರ್ಯನ ಮಾತು ಹೀಗೆ ಅಕ್ಷರಶಃ ಉಳಿಯಿತು. ಎರಡು ಚಕ್ರಗಳನ್ನೂ ತುಳಿಯುವ ಕಾಲು ಒಬ್ಬನದೇ ಆದುದರಿಂದ ನಮ್ಮ ಮಾತೂ ಉಳಿಯಿತು. ಐಸಾಕ್ ಸಿಂಗರನು 1851ರಲ್ಲಿ ತನ್ನ ಯಂತ್ರಕ್ಕೆ ಪೇಟೆಂಟು ಪಡೆದಾಗ ಕೌಟಿಲ್ಯನನ್ನು ಓದಿದ್ದನೆಂದು ನಾವು ಹೇಳುವುದಿಲ್ಲ, ಓದಿರಲಿಲ್ಲವೆಂದು ಸಾಧಿಸುವ ಹೊಣೆಯನ್ನು ಪ್ರತಿವಾದಿಗಳಿಗೆ ಬಿಟ್ಟಿದ್ದೇವೆ. ಯಂತ್ರಗಳ ವಿಷಯದಲ್ಲಿ ನಿಷ್ಠುರರಾಗಿದ್ದ ಗಾಂಧೀಜಿಯವರು ಸಹ 1924ರ ಒಂದು ಸಂಭಾಷಣೆಯಲ್ಲಿ ಈ ಒಂದಕ್ಕೆ ವಿನಾಯಿತಿ ಕೊಟ್ಟಿದ್ದರೆಂಬುದು ಗಮನಾರ್ಹ. ಆದರೆ ಆ ಪಟ್ಟೆಯಿದೆಯಲ್ಲ, ಅದು ಹಬ್ಬದ ಹಿಂದಿನ ದಿನವೇ ಹರಿಯುವುದು. ಹರಿದುದನ್ನು ಜೋಡಿಸಬೇಕಾದರೆ ತಂತಿಯ ಕೊಂಡಿಯನ್ನು ಒಬ್ಬನು ಬಿಗಿಯುವಾಗ ಪಟ್ಟೆಯನ್ನು ಇನ್ನೊಬ್ಬನು ಎಳೆದು ಹಿಡಿದಿರಬೇಕು. ಧೋತರದ ಹಿರಿಯರು ಬಾಕಿನಿಂದ ಎದ್ದು ಪಟ್ಟೆಯನ್ನು ಹಿಡಿದ ಆ ಕ್ಷಣವನ್ನು ಬಳಗದ ಉತ್ಪತ್ತಿಕಾಲವೆಂದು ನಾವು ನಿರ್ಣಯಿಸಿದ್ದೇವೆ.

ಎರಡನೆಯ ಆಕ್ಷೇಪವು ಇತಿಹಾಸಜ್ಞರದು. ಬಳಗಕಟ್ಟಿ ವ್ಯಾಪಾರಮಾಡುವ ವಿದ್ಯೆಯು ಕನ್ನಡ ನಾಡಿಗೆ ಹೊಸತಲ್ಲ. ಅಯ್ಯಾವೊಳೆಯ ಐನೂರ್ವರು ತಮ್ಮ ವೀರಬಣಂಜು ಧರ್ಮವನ್ನು ಹಾಡಿಹೊಗಳಿಕೊಳ್ಳುತ್ತ ನಾಡುನಾಡುಗಳನ್ನು ಸುತ್ತಿದರು, 1088ರ ತಮಿಳು ಶಾಸನವೊಂದು ಸುಮಾತ್ರದ ಬಾರೂಸಿನಲ್ಲಿ ಸಿಕ್ಕಿ ಅವರ ಹೆಸರನ್ನು ಕಡಲಾಚೆಗೂ ಸಾರುತ್ತಿದೆ. ಇಂಥ ಮಹಾಸಂಘದ ಮುಂದೆ ನಿಮ್ಮ ಒಂಟಿ ದರ್ಜಿಯದೇನು ಎಂದು ಅವರು ಕೇಳುವರು. ಐನೂರ್ವರು ವರ್ತಕರನ್ನು ವರ್ತಕರೊಡನೆ ಕೂಡಿಸಿದರು. ಅದು ಸುಲಭ, ಲಾಭದಲ್ಲಿ ಪಾಲಿರುವವರನ್ನು ಕೂಡಿಸುವುದಕ್ಕೆ ಶಾಸ್ತ್ರವು ಬೇಡ. ಲಾಭದಲ್ಲಿ ಎಳ್ಳಷ್ಟೂ ಪಾಲಿಲ್ಲದ ಜನರು ಅಂಗಡಿಯನ್ನು ತಮ್ಮದೆಂದು ತಿಳಿದು, ಅದರ ಮಾನಾಪಮಾನಗಳಿಗಾಗಿ ನೆರೆಯ ಓಣಿಯವರೊಡನೆ ಜಗಳಕ್ಕೆ ನಿಲ್ಲುವುದು ಬೇರೆಯ ಬಗೆ. ಸೂಜಿಕಾಯಕದ ರಾಮಿತಂದೆ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಮೊದಲಾದ ಹನ್ನೆರಡನೆಯ ಶತಮಾನದ ಶರಣರು ಒಬ್ಬೊಬ್ಬರೇ ಮಾಡುವ ಕಾಯಕಗಳಿಂದ ಬಂದು ಒಂದು ಸಮುದಾಯವಾದುದು ನಮ್ಮ ಪಕ್ಷಕ್ಕೆ ಹತ್ತಿರದ ನಿದರ್ಶನವಾದರೂ, ಆ ಮಹನೀಯರನ್ನು ಅಣಕು ಶಾಸ್ತ್ರಕ್ಕೆ ಸಾಕ್ಷಿಕರೆಯುವುದು ಸಲ್ಲದೆಂದು ನಮಸ್ಕರಿಸಿ ಮುಂದೆ ಸಾಗುತ್ತೇವೆ.

ಕೌಟಿಲ್ಯನ ಸಪ್ತಾಂಗಗಳನ್ನು ಅಂಗಡಿಗೆ ಅನ್ವಯಿಸಿದರೆ, ಸ್ವಾಮಿಯೂ ಅಮಾತ್ಯನೂ ಒಬ್ಬನೇ ಆಗುವುದರಿಂದ ಆತನು ತನಗೆ ತಾನೇ ಗಟ್ಟಿಯಾಗಿ ಆಲೋಚನೆ ಹೇಳಿಕೊಳ್ಳುವುದು ಕಂಡುಬರುವುದು. ಬಾಕು ಜನಪದ, ತಗಡಿನ ಕದವು ದುರ್ಗ. ಬಾಬಿನ್ನು, ಗುಂಡಿ, ಚಿಲ್ಲರೆಗಳು ಭೇದವಿಲ್ಲದೆ ಬೆರೆತಿರುವ ಯಂತ್ರದ ಖಾನೆಯು ಕೋಶ, ಓಣಿಯ ಆಡುಗಳ ಮೇಲೆ ಎತ್ತುವ ಗಜಕಡ್ಡಿಯು ದಂಡ, ಎದುರಿನ ಚಹದಂಗಡಿಯು ಮಿತ್ರ. ಈ ಏಳರಲ್ಲಿ ಹಿಂದುಹಿಂದಿನದು ಗುರುತರವೆಂದು ಆಚಾರ್ಯನ ಮತವಾದರೂ, ದರ್ಜಿಯು ಸ್ವಗ್ರಾಮಕ್ಕೆ ಹೋದ ದಿನಗಳಲ್ಲಿ ಸಹ ಮುಚ್ಚಿದ ಕದದ ಮುಂದೆ ಬಾಕು ತುಂಬಿರುವುದನ್ನು, ಹಬ್ಬದ ಅಂಗಿಗಳ ವಿಷಯದಲ್ಲಿ ಬಂದವರಿಗೆಲ್ಲ ಆ ಬಾಕೇ ಆತನ ಪರವಾಗಿ ಉತ್ತರ ಕೊಡುವುದನ್ನು ಕಂಡಿರುವ ನಾವು, ಸ್ವಾಮಿಯಿಲ್ಲದೆಯೂ ಜನಪದವು ನಡೆಯುವುದೆಂದು ವಿನಯಪೂರ್ವಕವಾಗಿ ತಿದ್ದುಪಡಿ ಸೂಚಿಸುತ್ತೇವೆ.

ಸಿದ್ಧಾಂತವನ್ನು ಈಗ ಹೇಳಬಹುದು. ನ್ಯೂನತೆಯೇ ಬಳಗದ ಬೀಜ. ಹೇಳಿದ ಗಳಿಗೆಗೆ, ಹೇಳಿದ ಅಳತೆಗೆ, ಹೇಳಿದ ಬೆಲೆಗೆ ಬಟ್ಟೆಯನ್ನು ಹೊಲಿದುಕೊಡುವ ಅಂಗಡಿಯಲ್ಲಿ ಮನುಷ್ಯನಿಗೆ ಮಾಡತಕ್ಕ ಕೆಲಸವು ಏನೂ ಉಳಿಯದೆ, ಹಣ ಕೊಟ್ಟು ಹೊರಬೀಳುವುದೊಂದೇ ಗತಿಯಾಗುವುದು. ನಮ್ಮ ದರ್ಜಿಯ ಅಂಗಡಿಯಲ್ಲಾದರೋ ಸದಾ ಏನಾದರೊಂದು ಕಡಮೆಯಾಗಿದ್ದು, ಅದನ್ನು ತುಂಬಲು ಬೇರೊಬ್ಬನು ಬೇಕಾಗುವನು. ಕಾಜಾ ಹಾಕುವ ಕೆಲಸವನ್ನೇ ನೋಡಿರಿ. ಆತನು ಅಂಗಿಯನ್ನು ಹೊಲಿಯುವನು, ಕಾಜಾ ಹಾಕುವವನು ಬೇರೆ ಓಣಿಯಲ್ಲಿರುವನು; ಹೊಲಿದ ಅಂಗಿಗಳ ಗಂಟನ್ನು ಅತ್ತ ಒಯ್ಯುವವರಾರು? ಆ ಕಡೆಗೆ ಹೊರಟ ಬಾಕಿನವನು ಯಾವನೋ ಒಬ್ಬನು. ಒಯ್ದವನು ಅಲ್ಲಿ ಕುಳಿತು ಮಾತಿಗೆ ತೊಡಗುವನು, ಆತನನ್ನು ಹುಡುಕಲು ಮತ್ತೊಬ್ಬನು ಹೋಗುವನು, ಹೀಗೆ ಒಂದು ಅಂಗಿಯ ಆರು ರಂಧ್ರಗಳ ನಿಮಿತ್ತವಾಗಿ ಎರಡು ಓಣಿಗಳ ನಡುವೆ ದೌತ್ಯಸಂಬಂಧವು ಬೆಳೆದು, ಕಾಲಾಂತರದಲ್ಲಿ ಕನ್ಯಾಪರೀಕ್ಷೆಯ ತನಕ ಹೋದುದನ್ನು ನಾವು ಬಲ್ಲೆವು. ಗುಂಡಿಯಿಲ್ಲದ ಅಂಗಿಯನ್ನು ಅಪೂರ್ಣವೆನ್ನುವವರು ಸಮಾಜವಿಜ್ಞಾನದ ಗಂಧವನ್ನೇ ಅರಿಯರು.

ಅಳತೆಯ ಪುಸ್ತಕವು ಎರಡನೆಯ ಸಾಧನ. ಸರಕಾರವು 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯನ್ನು ತಂದ ಮೇಲೆ ಅರಿವೆಯು ಮೀಟರುಗಳಲ್ಲಿ ಮಾರಾಟವಾಗತೊಡಗಿತು; ಆದರೆ ಮೈಯು ಇಂದಿಗೂ ಇಂಚುಗಳಲ್ಲಿಯೇ ಉಳಿದಿದೆ. ಎರಡೂಕಾಲು ಮೀಟರು ಅರಿವೆಯನ್ನು ತಂದು ಮೂವತ್ತೆಂಟು ಇಂಚಿನ ಎದೆಗೆ ಹೊಂದಿಸುವ ಈ ಗಣಿತವನ್ನು ದರ್ಜಿಗಳು ಅನಾಯಾಸವಾಗಿ ನಡೆಸಿಕೊಂಡು ಬಂದಿರುವುದಕ್ಕೆ ಯಾವ ವಿದ್ಯಾಪೀಠವೂ ಅವರನ್ನು ಗೌರವಿಸಿಲ್ಲ. ಇರಲಿ. ಕೆಂಪು ರಟ್ಟಿನ ಆ ಉದ್ದನೆಯ ಪುಸ್ತಕದಲ್ಲಿ ಕೊರಳು, ಭುಜ, ತೋಳು, ಎದೆ, ಸೊಂಟ ಎಂಬ ಕ್ರಮದಿಂದ ಓಣಿಯ ಸಮಸ್ತ ಪುರುಷರ ವೃದ್ಧಿಕ್ಷಯಗಳು ದಾಖಲಾಗಿವೆ. ಯಾವ ವರ್ಷ ಯಾರಿಗೆ ಬಡ್ತಿಯಾಯಿತು, ಯಾರ ಮನೆಯಲ್ಲಿ ಅಡಿಗೆ ಮಾಡುವವರು ಬದಲಾದರು, ಯಾರು ಡಾಕ್ಟರರ ಮಾತು ಕೇಳಿ ಎಷ್ಟು ದಿನ ನಡೆದರು ಎಂಬುದೆಲ್ಲವೂ ಸೊಂಟದ ಅಂಕಣವೊಂದರಿಂದಲೇ ಸ್ಫುಟವಾಗುವುದು. ಇಷ್ಟು ಬಲ್ಲವನು ಅದನ್ನು ಎಂದೂ ಬಾಯಿಬಿಟ್ಟು ಹೇಳದೆ, ಪಟ್ಟಿಯನ್ನು ಸೊಂಟಕ್ಕೆ ಸುತ್ತುವಾಗ ಒಂದು ಕ್ಷಣ ಮಾತ್ರ ಮೌನವಾಗಿರುವನು. ಆ ಮೌನಕ್ಕೆ ಅಂಜಿಯೇ ಜನರು ಬೇರೆ ದರ್ಜಿಯಲ್ಲಿಗೆ ಹೋಗಲಾರರು. ಹೊಸಬನ ಮುಂದೆ ಮತ್ತೆ ಮೊದಲಿನಿಂದ ಅಳೆಸಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ಮಕ್ಕಳ ಬಟ್ಟೆಯಲ್ಲಿ ಅಂಚಿನೊಳಗೆ ಎರಡು ಮಡಿಕೆ ಅರಿವೆಯನ್ನು ಬಿಟ್ಟು ಹೊಲಿಯುವ ಪದ್ಧತಿಯನ್ನು ಈ ಪ್ರಕರಣದಲ್ಲಿಯೇ ಹೇಳಬೇಕು. ಹುಡುಗನು ಬೆಳೆದಂತೆ ಹೊಲಿಗೆ ಬಿಚ್ಚಿ ಉದ್ದಮಾಡಿಸಲು ತಾಯಿಯು ಮತ್ತೆ ಬರುವಳು. ಹೊಲಿಯುವಾಗಲೇ ಮುಂದಿನ ವರ್ಷದ ಭೇಟಿಯನ್ನು ಅಂಚಿನಲ್ಲಿ ಮಡಿಚಿಡುವ ಈ ದೂರದೃಷ್ಟಿಯು ನಮಗೆ ತಿಳಿದ ಯಾವ ವರ್ತಕನಲ್ಲಿಯೂ ಇಲ್ಲ. ಕತ್ತರಿಸಿ ಉಳಿದ ಚಿಂದಿಯು ಸಹ ವ್ಯರ್ಥವಾಗದು. ಓಣಿಯ ಅಜ್ಜಿಯರು ಅದನ್ನು ಕೌದಿಗೆಂದು ಒಯ್ಯುವರು. ಹೀಗಾಗಿ ಒಬ್ಬರ ಮನೆಯ ಕೌದಿಯಲ್ಲಿ ಮಾಸ್ತರರ ಅಂಗಿಯೂ ಪೋಸ್ಟಮನ್ನನ ಖಾಕಿಯೂ ಕಳೆದ ವರ್ಷದ ಮದುಮಗಳ ಕುಬುಸವೂ ಒಂದಕ್ಕೊಂದು ತಾಗಿ ಮಲಗಿರುವುವು. ಇದರ ಮೇಲೆ ವ್ಯಾಖ್ಯಾನ ಬರೆಯುವುದು ಶಿಷ್ಟಸಮ್ಮತವಲ್ಲ.

ನ್ಯೂನತಾವಾದವು ದರ್ಜಿಗೆ ಮಾತ್ರ ಸಲ್ಲುವುದೆಂಬ ಅತಿವ್ಯಾಪ್ತಿಭೀರುಗಳ ಸಂದೇಹವನ್ನು ಪರಿಹರಿಸಲು ಒಂದು ಸಾಹಿತ್ಯಕ ಉದಾಹರಣೆಯನ್ನು ಕೊಡುತ್ತೇವೆ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕಾದಂಬರಿಗಳನ್ನು ಬರೆದರು, ಅಗಡಿಯ ಸದ್ಬೋಧಚಂದ್ರಿಕೆಯ ಸಂಪಾದಕರಾಗಿ ದುಡಿದರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಓದುವವರೇ ವಿರಳರಾಗಿದ್ದ ಕಾಲದಲ್ಲಿ ಅವರಿಗೆ ಅಷ್ಟು ದೊಡ್ಡ ಓದುಗರ ಬಳಗವು ಹೇಗೆ ದೊರೆಯಿತೆಂಬುದಕ್ಕೆ ವಿಮರ್ಶಕರು ಶೈಲಿ, ಕಥನಕೌಶಲ, ದೇಶಾಭಿಮಾನ ಮುಂತಾದ ಕಾರಣಗಳನ್ನು ಹೇಳುವರು. ನಮ್ಮ ಊಹೆಯು ಬೇರೆ. ಪುಸ್ತಕದ ಗಂಟನ್ನು ಹೊತ್ತು ಬಿಸಿಲಿನಲ್ಲಿ ನಡೆದುಬಂದ ಗ್ರಂಥಕರ್ತನಿಗೆ ಮೊದಲು ಒಂದು ತಂಬಿಗೆ ನೀರು ಕೊಡಬೇಕು, ಹೊತ್ತಾದರೆ ಊಟಕ್ಕೆ ಏಳಿರಿ ಎನ್ನಬೇಕು. ಊಟಕ್ಕೆ ಕರೆದವನ ಪುಸ್ತಕವನ್ನು ಕೊಳ್ಳದೆ ಕಳಿಸುವುದು ಹೇಗೆ, ಕೊಂಡುದನ್ನು ಓದದೆ ಇದ್ದರೆ ಮರುವರ್ಷ ಅವರೇ ಬಾಗಿಲಿಗೆ ಬಂದು ನಿಂತಾಗ ಮುಖವನ್ನು ತೋರಿಸುವುದು ಹೇಗೆ? ಆಳು, ಗಾಡಿ, ಅಂಗಡಿಗಳಿದ್ದ ಪ್ರಕಾಶಕನಾಗಿದ್ದರೆ ಈ ಯಾವ ಬಾಧೆಯೂ ಯಾರಿಗೂ ಇರುತ್ತಿರಲಿಲ್ಲ, ಓದುಗರೂ ಇರುತ್ತಿರಲಿಲ್ಲ.

ಸಿದ್ಧ ಉಡುಪಿನ ಅಂಗಡಿಗಳವರನ್ನೂ, ಅವರಿಗೆ ಉಪದೇಶ ಮಾಡುವ ಮ್ಯಾನೇಜ್‌ಮೆಂಟ್ ಪಂಡಿತರನ್ನೂ ಖಂಡಿಸಲು ಹೆಚ್ಚು ಸ್ಥಳ ಬೇಡ. ಗಿರಾಕಿಯನ್ನು ಹೆಸರು ಹಿಡಿದು ಕರೆಯಿರಿ, ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸಿರಿ, ಅಭಿಪ್ರಾಯಗಳನ್ನು ಕೇಳಿರಿ ಎಂದು ಇವರು ಬೋಧಿಸುವರು. ನಮ್ಮ ದರ್ಜಿಯು ಯಾರ ಅಭಿಪ್ರಾಯವನ್ನೂ ಎಂದೂ ಕೇಳಿದವನಲ್ಲ, ಆತನಿಗೆ ಅಭಿಪ್ರಾಯದ ಕೊರತೆಯೂ ಎಂದೂ ಆದುದಿಲ್ಲ.

ದೋಷಪ್ರಕರಣವನ್ನು ಮರೆಮಾಚುವುದು ಪ್ರಾಮಾಣಿಕ ಶಾಸ್ತ್ರಕಾರನಿಗೆ ಉಚಿತವಲ್ಲ. ಬಳಗವು ಪುಷ್ಟವಾದಂತೆಲ್ಲ ಅಂಗಡಿಯು ಯಾರದೆಂಬ ಪ್ರಶ್ನೆ ಏಳುವುದು. ನೂಲಿನ ಬೆಲೆ ಏರಿತೆಂದು ಆತನು ಹೊಲಿಗೆಯ ಕೂಲಿಯನ್ನು ಹೆಚ್ಚಿಸಬೇಕೆಂದಾಗ ಬಾಕಿನ ಮೇಲೆ ಹದಿನೈದು ದಿನ ಚರ್ಚೆ ನಡೆದು, ಹಾಲಿನವನು ವಿರೋಧಿಸಿದುದರಿಂದ ಅರ್ಧವಷ್ಟೇ ಮಂಜೂರಾಯಿತು. ಧೋತರದ ಹಿರಿಯರು, ತಮಗೆ ತಟ್ಟದ ವೆಚ್ಚವಾದುದರಿಂದ, ಪೂರ್ತಿ ಏರಿಕೆಯ ಪರವಾಗಿ ಬಹಳ ಉದಾರವಾಗಿ ಮಾತಾಡಿದರು. ಉದ್ರಿಯ ಲೆಕ್ಕದಲ್ಲಿ ಬಾಕಿನವರು ಮಧ್ಯಸ್ಥಿಕೆ ವಹಿಸಿದ ಪ್ರಸಂಗಗಳಲ್ಲಿ ಹಣವು ಬಂದುದಕ್ಕಿಂತ ಅವಧಿಯು ಬೆಳೆದುದೇ ಹೆಚ್ಚು. ಆತನಿಗೆ ನೆಗಡಿಯಾದರೆ ಒಂಬತ್ತು ಕಷಾಯಗಳು ಬರುವುವು, ಒಂಬತ್ತನ್ನೂ ಕೊಟ್ಟವರೆದುರಿಗೇ ಕುಡಿಯಬೇಕಾಗುವುದು. ಮಗನು ಪುಣೆಗೆ ಕರೆದಾಗ ಹೋಗಬೇಕೆಂದಿದ್ದವನನ್ನು ಓಣಿಯು ಬಿಡಲಿಲ್ಲ. ಏಕಾಕಿಯಾಗಿ ಉದ್ಯೋಗವನ್ನು ಕೈಗೊಂಡವನು ಸ್ವಾತಂತ್ರ್ಯವನ್ನು ಬಯಸಿ ಹಾಗೆ ಮಾಡುವನೆಂದು ಕೇಳಿದ್ದೇವೆ. ಬಳಗವನ್ನೂ ಬಯಸಿದರೆ ಆ ಸ್ವಾತಂತ್ರ್ಯವನ್ನು ಕಾಜಾದ ಗಂಟಿನೊಡನೆ ಬೇರೆ ಓಣಿಗೆ ಕಳಿಸಿಕೊಟ್ಟಂತೆಯೇ ಎಂದು ತಿಳಿಯತಕ್ಕದ್ದು.

ಈ ಪ್ರಬಂಧವನ್ನು ಪ್ರಕಟಿಸುವುದಕ್ಕೆ ಮೊದಲು ದೃಷ್ಟಾಂತಪುರುಷನ ಸಮ್ಮತಿಯನ್ನು ಪಡೆಯುವುದು ನ್ಯಾಯವೆಂದು ತೋರಿ, ಹೊಸ ಅಂಗಿಯ ಅರಿವೆಯನ್ನು ಕೊಡಲು ಹೋದಾಗ ಆದ್ಯಂತವಾಗಿ ಓದಿ ಹೇಳಿದೆವು. ಸಪ್ತಾಂಗದಲ್ಲಿ ಮಿತ್ರನ ಸ್ಥಾನವು ಕಡೆಗೆ ಬಂದುದನ್ನು ಚಹದಂಗಡಿಯವನು ಆಕ್ಷೇಪಿಸಿದನು; ಹಿರಿಯರು ತಮ್ಮನ್ನು ಪರಮಪ್ರಮಾಣವೆಂದ ಭಾಗವನ್ನು ಇನ್ನೊಮ್ಮೆ ಓದಿಸಿದರು. ಬಾಯಲ್ಲಿ ಟಾಚಣಿಗಳನ್ನು ಹಿಡಿದು ಕೊನೆಯವರೆಗೂ ಆಲಿಸಿದ ದರ್ಜಿಯು ಅವುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, “ಅದೆಲ್ಲಾ ಇರ್ಲಿ ಬಿಡ್ರಿ ಮಾಸ್ತರ, ಕಿಸೆ ಒಂದು ಇಡ್ಲ್ಯೋ ಎರಡು ಇಡ್ಲ್ಯೋ?” ಎಂದು ಕೇಳಿದನು. ನಾವು ಒಂದೆನ್ನಲು ಬಾಯಿ ತೆರೆಯುವಷ್ಟರಲ್ಲಿ ಬಾಕಿನವರು ಎರಡೆಂದು ನಿರ್ಣಯಿಸಿಬಿಟ್ಟಿದ್ದರು, ದರ್ಜಿಯು ಹಾಗೆಯೇ ಬರೆದುಕೊಂಡನು.