ನಾಲ್ಕನೇ ನಂಬರಿನ ಗಾಳಿ

ಕೊವೆಂಟ್ರಿಯಲ್ಲಿರುವ ನನ್ನ ಷಡ್ಡಕರು ಐವತ್ತು ದಾಟಿದ ಮೇಲೆ ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಕೊಂಡರು. ಮೂರನೆಯವರಿಗೆ ಜಾಗವಿಲ್ಲ ಎಂಬುದೇ ಅದರ ದೊಡ್ಡ ಗುಣವಂತೆ. ಅತ್ತೆಯವರು ಆಗಷ್ಟೇ ಊರಿಂದ ಬಂದಿದ್ದರು.

ಜನವರಿಯ ಬೆಳಿಗ್ಗೆ ಹೀಟರ್ ಹಾಕಿದರು. ಒಂದು, ಎರಡು, ಮೂರು... ಗಾಳಿಯ ಸುಳಿವಿಲ್ಲ. ನಾಲ್ಕಕ್ಕೆ ತಿರುಗಿಸಿದ್ದೇ ತಡ, ಭರ್ರನೆ ಬಿರುಗಾಳಿ, ಜೊತೆಗೆ ಮುಖದ ತುಂಬ ಕರೀ ಪುಡಿ.

“ರೀ, ಸಂಕ್ರಾಂತಿಗೆ ಇದು ಕರೀ ಎಳ್ಳು ಬೀರ್ತಿದೆಯಲ್ರೀ!” ಎಂದಳು ನಾದಿನಿ.

ಫ್ಯಾನಿನ ವೇಗ ತಗ್ಗಿಸಲು ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟರೆ ಕೆಳಗಿನ ವೇಗಗಳೆಲ್ಲ ಸತ್ತು, ಅದರ ಹಂಗಿಲ್ಲದ ಮೇಲಿನದೊಂದೇ ಉಳಿಯುತ್ತದೆ. ನಮ್ಮ ಹಳೇ ಹೆಡ್‌ಮಾಸ್ತರರ ಹಾಗೆ: ಮೌನ, ಇಲ್ಲವೇ ಅಬ್ಬರ. ಕರೀ ಪುಡಿ ಮಾತ್ರ ಒಳಗಿನ ಮುಚ್ಚಳಗಳಿಗೆ ಅಂಟಿಸಿದ್ದ ಫೋಮು, ವಯಸ್ಸಾಗಿ ಹುಡಿಯಾದದ್ದು.

ಬಿಸಿಯ ಮೂಲವೇನೂ ದೊಡ್ಡ ರಹಸ್ಯವಲ್ಲ. ಎಂಜಿನ್ ತಣಿಸಿ ಬಂದ ಬಿಸಿನೀರು ಪುಟ್ಟ ರೇಡಿಯೇಟರಿನಲ್ಲಿ ಹರಿಯುತ್ತದೆ, ಫ್ಯಾನು ಅದರ ಮೂಲಕ ಗಾಳಿ ಊದುತ್ತದೆ. 1998ರವರೆಗಿನ ಪೋರ್ಷೆ 911ಕ್ಕೆ ಆ ನೀರೂ ಇರಲಿಲ್ಲ. ಹೊಗೆಕೊಳವೆಯ ಕಾವಿನಲ್ಲೇ ಚಳಿ ಕಾಯಿಸಬೇಕು!

ಷಡ್ಡಕರೂ ನಾನೂ ರಿಪೇರಿಗೆ ಕೂತೆವು. ರೆಸಿಸ್ಟರ್ ಕೆಲಸ ಬೇಗ ಮುಗಿಯಿತು. ಫೋಮಿಗಾಗಿ ಡ್ಯಾಶ್‌ಬೋರ್ಡನ್ನೇ ಕಳಚಬೇಕಾಯಿತು. ಎರಡು ಭಾನುವಾರ ಹೋದವು. ಹಪ್ಪಳದ ಡಬ್ಬಿಯ ಮುಚ್ಚಳದಲ್ಲಿ ಜೋಪಾನವಾಗಿಟ್ಟ ಸ್ಕ್ರೂಗಳಲ್ಲಿ, ಎಲ್ಲ ಜೋಡಿಸಿದ ಮೇಲೂ ಮೂರು ಮಿಕ್ಕವು. ಅವು ಎಲ್ಲಿಯವೆಂದು ಇಬ್ಬರೂ ಕೇಳಲಿಲ್ಲ.

ಈಗ ನಾಲ್ಕೂ ವೇಗ ಬರುತ್ತಿವೆ. ಬಿಸಿ-ತಂಪು ಬದಲಿಸುವ ಕೇಬಲ್ ಮಾತ್ರ ತಿರುಗಾಮುರುಗಾ ಸಿಕ್ಕಿಕೊಂಡಿದೆ. ನೀಲಿಗೆ ತಿರುಗಿಸಿದರೆ ಬಿಸಿ, ಕೆಂಪಿಗೆ ತಿರುಗಿಸಿದರೆ ಮಂಜು. ಮತ್ತೆ ಡ್ಯಾಶ್‌ಬೋರ್ಡ್ ಬಿಚ್ಚೋಣ ಎನ್ನಲು ನನಗೆ ಧೈರ್ಯವಿಲ್ಲ.