ವಾತಾಪಿಯ ಡೇಟಾಬೇಸು: ಒಂದು ಸಂಶೋಧನ ಪ್ರಬಂಧ

ಇಂದಿನ ಡೇಟಾಬೇಸಿನ ಮೂಲ 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಬರೆದ ಲೇಖನದಲ್ಲಿದೆ, ಅದನ್ನು ಬಾಡಿಗೆಗೆ ಕೊಟ್ಟು ತಾವೇ ನೋಡಿಕೊಳ್ಳುವ ಕ್ಲೌಡ್ ಸೇವೆ 2009ರಲ್ಲಿ ಅಮೆಜಾನ್ ಆರ್‌ಡಿಎಸ್ ಎಂಬ ಹೆಸರಿನಲ್ಲಿ ಬಂತು ಎಂಬುದು ಬೆಂಗಳೂರಿನ ವಿದ್ವತ್ ವಲಯದ ಗಟ್ಟಿ ನಂಬಿಕೆ. ಬೆಂಗಳೂರಿನ ಬನಶಂಕರಿಯಲ್ಲಿ ಕೂತು ನೋಡಿದವರಿಗೆ ಹಾಗೆ ಕಾಣುವುದು ಸಹಜ. ಬಾದಾಮಿಯಿಂದ ಚೊಳಚಗುಡ್ಡದ ದಾರಿ ಹಿಡಿದು ಮೂಲ ಬನಶಂಕರಿಗೆ ಬಂದು ನೋಡಿದರೆ, ಈ ವಿದ್ಯೆ ಚಾಲುಕ್ಯರದ್ದೆಂಬುದು ಮರುಮಾತಿಲ್ಲದೆ ಗೊತ್ತಾಗುತ್ತದೆ. ಡಿಬಿಎ ಎಂದು ಕಚೇರಿಗಳಲ್ಲಿ ಕರೆಸಿಕೊಳ್ಳುವ ಡೇಟಾಬೇಸ್ ಆಡಳಿತಗಾರನಿಗೆ ಕರ್ತವ್ಯಗಳು ನಾಲ್ಕು: ದಾಖಲಿಸುವುದು, ಪ್ರತಿ ಇಡುವುದು, ಅಪ್‌ಗ್ರೇಡ್ ಮಾಡುವುದು, ಕೆಟ್ಟಾಗ ಮತ್ತೆ ಓದಿ ಎಬ್ಬಿಸುವುದು. ಮೊದಲ ಮೂರನ್ನು ಚಾಲುಕ್ಯರೂ ಅವರ ನಾಡಿನವರೂ ಚೆನ್ನಾಗಿಯೇ ನಡೆಸಿದರು, ನಾಲ್ಕನೆಯದರಲ್ಲಿ ಸೋತರು. ಆ ಸೋಲನ್ನು ನಾವು ಪರಂಪರೆಯೆಂದು ತಿಳಿದು ಕಾಪಾಡಿಕೊಂಡು ಬಂದಿದ್ದೇವೆ ಎಂಬುದೇ ಈ ಪ್ರಬಂಧದ ಸಿದ್ಧಾಂತ.

ಮೊದಲಿಗೆ ದಾಖಲೆ. ಚಾಲುಕ್ಯರ ದೊರೆ ಒಂದನೇ ಪುಲಕೇಶಿ ವಾತಾಪಿಯ, ಅಂದರೆ ಈಗಿನ ಬಾದಾಮಿಯ, ಗುಡ್ಡವನ್ನು ಕೋಟೆ ಮಾಡಿದ್ದನ್ನು ಶಕವರ್ಷ 465, ಅಂದರೆ ಕ್ರಿ.ಶ. 543, ಎಂದು ಕಾಲ ನಮೂದಿಸಿ ಬಂಡೆಯಲ್ಲಿ ಕೊರೆಸಿದ. ಇಂದಿನ ಡೇಟಾಬೇಸೂ ಯಾವ ಬದಲಾವಣೆಯನ್ನಾದರೂ ಮೊದಲು ಲಾಗ್‌ನಲ್ಲಿ ಬರೆದು ಭದ್ರಮಾಡಿಕೊಳ್ಳುತ್ತದೆ. ಕರೆಂಟು ಹೋಗಿ ಬಂದರೆ ಅದನ್ನು ಓದಿಕೊಂಡೇ ಎದ್ದು ಕೂರುತ್ತದೆ. ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾರತಯುದ್ಧದಿಂದ 3735, ಶಕವರ್ಷ 556 ಎಂದು ಎರಡು ಲೆಕ್ಕದಲ್ಲಿ ಕಾಲ ಹಾಕಿದ. ಟೈಮ್‌ಝೋನ್ ಒಂದನ್ನೇ ನೆಟ್ಟಗೆ ಹಾಕಲಾಗದೆ ಒದ್ದಾಡುವವರು ಮೇಗುತಿಯ ಮೆಟ್ಟಿಲು ಹತ್ತಿ ಬರುವುದು ಒಳ್ಳೆಯದು. ಇಲ್ಲಿ ಪೂರ್ವಪಕ್ಷ ಏಳುತ್ತದೆ: ಬಂಡೆಯ ಮೇಲೆ ಕೊರೆದದ್ದನ್ನು ತಿದ್ದುವುದು ಹೇಗೆ? ತಿದ್ದಲಾಗದಿರುವುದೇ ಅದರ ಗುಣವೆಂಬುದು ಸಮಾಧಾನ. ಷರತ್ತಿನ ಸಾಲು ಬರೆಯಲು ಮರೆತು ಡಿಲೀಟ್ ಆಜ್ಞೆ ಕೊಟ್ಟವನು ಇಡೀ ಕೋಷ್ಟಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒರೆಸಿಹಾಕುತ್ತಾನೆ. ಚಾಣ ಹಿಡಿದು ಬಂಡೆ ಒರೆಸಲು ಹೊರಟವನಿಗೆ ಮೊದಲ ಸಾಲು ಮುಗಿಯುವುದರೊಳಗೆ ಬುದ್ಧಿ ಬಂದಿರುತ್ತದೆ.

ಎರಡನೆಯದಾದ ಪ್ರತಿಯ ಮಾತು ಆಮೇಲೆ ಬರುತ್ತದೆ; ಅದಕ್ಕೂ ಮೊದಲು ಕ್ಲೌಡ್ ಸೇವೆ. ಚಾಲುಕ್ಯರ ಮಂಗಳೇಶ 578ರಲ್ಲಿ ಬಾದಾಮಿಯ ಮೂರನೇ ಗುಹೆಯನ್ನು ಕೊರೆಸಿ ಕೈತೊಳೆದುಕೊಳ್ಳಲಿಲ್ಲ; ಅದರ ನಡೆವಳಿಕೆಗೆಂದು ಲಂಜಿಗೇಸರವೆಂಬ ಊರನ್ನೇ ಬಿಟ್ಟುಕೊಟ್ಟ. ಕೊರೆಸುವ ಖರ್ಚು ಒಂದು ಸಲದ್ದು, ನಡೆಸುವ ಖರ್ಚು ಸೂರ್ಯಚಂದ್ರರಿರುವವರೆಗಿನದು ಎಂಬ ಈ ಲೆಕ್ಕ ಇಂದಿನ ಖಜಾಂಚಿಗಳಿಗೆ ಮೊದಲ ತಿಂಗಳ ಕ್ಲೌಡ್ ಬಿಲ್ಲು ಬಂದ ಮೇಲೆ ತಿಳಿಯುತ್ತದೆ. ಆದರೆ ಒಂದು ವಿಷಯದಲ್ಲಿ ಆಧುನಿಕರ ಪ್ರತಿಭೆಗೆ ತಲೆಬಾಗಬೇಕು. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿನ 5.7ನೇ ಆವೃತ್ತಿಗೆ ಅದರ ಒಡೆಯರ ಬೆಂಬಲ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಹಳೆಯದರಲ್ಲೇ ಉಳಿದವರಿಂದ ಆರ್‌ಡಿಎಸ್ 2024ರ ಮಾರ್ಚಿನಿಂದ ಗಂಟೆಯ ಲೆಕ್ಕದಲ್ಲಿ ಹೆಚ್ಚುವರಿ ಶುಲ್ಕ ಎತ್ತತೊಡಗಿತು. ಇದ್ದಲ್ಲೇ ಇದ್ದದ್ದಕ್ಕೆ ಹೀಗೆ ಗಂಟೆಗಂಟೆಗೂ ಸುಂಕ ಹಾಕಬಹುದೆಂಬುದು ವಾತಾಪಿಯ ಆಸ್ಥಾನದಲ್ಲಿ ಯಾರಿಗೂ ಹೊಳೆದಂತಿಲ್ಲ.

ಮೂರನೆಯದಾದ ಅಪ್‌ಗ್ರೇಡಿಗೆ ಸಾಕ್ಷಿ ಬನಶಂಕರಿಯ ಗುಡಿಯೇ. ಚಾಲುಕ್ಯರ ಕುಲದೇವತೆಯ ಈಗಿನ ಗುಡಿ 1750ರದ್ದು, ಮರಾಠಾ ಸರದಾರ ಪರಶುರಾಮ ಅಗಳೆ ಕಟ್ಟಿಸಿದ್ದು. ಕಟ್ಟಡ ಬದಲಾಯಿತು, ದೇವಿ ಬದಲಾಗಲಿಲ್ಲ, ಭಕ್ತರು ಹಿಡಿಯುವ ದಾರಿಯೂ ಬದಲಾಗಲಿಲ್ಲ. ಎಂಜಿನ್ ಬದಲಿಸಿ ಡೇಟಾ ಉಳಿಸಿ ವಿಳಾಸ ಮುಟ್ಟದಿರುವುದಕ್ಕೇ ದೊಡ್ಡ ಅಪ್‌ಗ್ರೇಡ್ ಎನ್ನುವುದು. ಹೊತ್ತು ಗೊತ್ತುಮಾಡುವುದರಲ್ಲೂ ಬನಶಂಕರಿ ಪಾಠ ಹೇಳುತ್ತದೆ. ಮೇಂಟೆನೆನ್ಸಿನ ಹೊತ್ತನ್ನು ನಾವು ಆರಿಸದಿದ್ದರೆ ಆರ್‌ಡಿಎಸ್ ತಾನೇ ವಾರಕ್ಕೊಂದು ಅರ್ಧ ಗಂಟೆಯನ್ನು ಎತ್ತಿಕೊಳ್ಳುತ್ತದೆ. ಜಾಣ ಡಿಬಿಎ ಯಾರೂ ಎದ್ದಿರುವುದಿಲ್ಲವೆಂದು ರಾತ್ರಿ ಎರಡು ಗಂಟೆ ಎನ್ನುತ್ತಾನೆ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ರಾತ್ರಿ ಎರಡಕ್ಕೆ ನಾಟಕ ಕಂಪನಿಯ ಟೆಂಟಿನೊಳಗೆ ಹಾಸ್ಯಪಾತ್ರಕ್ಕೆ ಸಿಳ್ಳೆ ಬೀಳುತ್ತಿರುತ್ತದೆ, ಹೊರಗೆ ಮಿರ್ಚಿ ಭಜಿಯ ಬಂಡಿಯ ಮುಂದೆ ಜನ ಫೋನು ಹಿಡಿದು ಹಣ ಕಳಿಸುತ್ತಿರುತ್ತಾರೆ. ಊರಿನ ಪಂಚಾಂಗ ನೋಡದೆ ಸರ್ವರ್ ನಿಲ್ಲಿಸಬಾರದೆಂಬ ಸೂತ್ರ ಇಲ್ಲಿಂದ ಸಿದ್ಧವಾಗುತ್ತದೆ.

ಬಾಕಿ ಉಳಿಸಿದ್ದ ಎರಡನೆಯದಾದ ಪ್ರತಿಯ ವಿಷಯದಲ್ಲಿ ವಿರೋಧಿಗಳು ಪಟ್ಟದಕಲ್ಲಿನತ್ತ ಬೊಟ್ಟು ಮಾಡುತ್ತಾರೆ. ಎರಡನೇ ಕೀರ್ತಿವರ್ಮನ ಕಾಲದ ಅಲ್ಲಿನ ಕಂಬದಲ್ಲಿ ಒಂದೇ ಸಂಸ್ಕೃತ ಪಾಠ ಉತ್ತರದ ಲಿಪಿಯಲ್ಲೂ ಇಲ್ಲಿನ ಲಿಪಿಯಲ್ಲೂ ಇದೆ. ಆದರೆ ಎರಡೂ ಒಂದೇ ಕಂಬದ ಮೇಲೆ! ಬ್ಯಾಕಪ್ಪನ್ನು ಅದೇ ಡಿಸ್ಕಿನಲ್ಲಿ ಇಟ್ಟವನನ್ನು ಡಿಬಿಎ ಎನ್ನಬಹುದೇ? ಆಕ್ಷೇಪ ಒಪ್ಪತಕ್ಕದ್ದು. ಆದರೂ ಇಂದಿನ ಅದೆಷ್ಟೋ ಕಚೇರಿಗಳ ಪದ್ಧತಿಯೂ ಇದೇ ಆಗಿರುವುದರಿಂದ, ಚಾಲುಕ್ಯರು ಕಾಲಕ್ಕಿಂತ ಮುಂದಿದ್ದರೆಂಬುದಕ್ಕೆ ಇದನ್ನು ಹೆಚ್ಚಿನ ಪುರಾವೆಯಾಗಿ ಪರಿಗಣಿಸಬೇಕು. ಭದ್ರತೆಯ ಆಕ್ಷೇಪವೂ ಇದೆ: 642ರಲ್ಲಿ ಪಲ್ಲವ ನರಸಿಂಹವರ್ಮ ಒಳನುಗ್ಗಿ ಬಾದಾಮಿಯ ಬಂಡೆಯ ಮೇಲೆ ತನ್ನದೇ ಶಾಸನ ಬರೆಸಿದ. ನಿಜ, ಪಾಸ್‌ವರ್ಡು ದುರ್ಬಲವಾಗಿತ್ತು. ಆದರೆ ಒಳಹೊಕ್ಕವನು ಪುಲಕೇಶಿಯ ಸಾಲನ್ನು ಅಳಿಸದೆ ತನ್ನ ಸಾಲನ್ನು ಬೇರೆ ಕಡೆ ಸೇರಿಸಿ ಹೋದದ್ದನ್ನು ಮರೆಯಬಾರದು. ಇಂಥ ಸಂಭಾವಿತ ಹ್ಯಾಕರು ಈಗೆಲ್ಲಿ ಸಿಗುತ್ತಾನೆ?

ಉಳಿದದ್ದು ನಾಲ್ಕನೆಯದು. ಬಂಡೆ ಉಳಿಯಿತು, ಅಕ್ಷರ ಉಳಿಯಿತು, ಓದುವವನು ಹೋದ. ಲಿಪಿ ಹೊರಳುತ್ತ ಹೊರಳುತ್ತ ಬೇರೆಯಾಗಿ, ಗುಹೆಯ ಮುಂದೆ ಹಾದುಹೋಗುವವರಿಗೆ ತಮ್ಮದೇ ಕನ್ನಡ ಬರೀ ಗೀರುಗಳಾಗಿ ಕಂಡಿತು; 19ನೆಯ ಶತಮಾನದಲ್ಲಿ ಫ್ಲೀಟ್‌ನಂಥ ಶಾಸನತಜ್ಞರು ಬಂದು ಓದಬೇಕಾಯಿತು. ಇದನ್ನು ಹಳೆಯ ಕಾಲದ ಪಾಡು ಎನ್ನುವವರು ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ಟೈಪಾದ ಒಂದು ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಲಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ನಿಂತಿರುತ್ತವೆ. ಬ್ಯಾಕಪ್ ಇದೆಯೆಂಬ ಧೈರ್ಯವೂ ಇಂಥದ್ದೇ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ಒಬ್ಬರು ತಪ್ಪು ಸರ್ವರಿನ ಡೇಟಾ ಅಳಿಸಿದಾಗ, ಪ್ರತಿ ಇಡಲು ಮಾಡಿದ್ದ ಏರ್ಪಾಡುಗಳು ಒಂದೊಂದಾಗಿ ಕೈಕೊಟ್ಟು ಸುಮಾರು ಆರು ಗಂಟೆಯ ಡೇಟಾ ಹೋಯಿತು. ಕ್ಲೌಡಿನವರು ಇದನ್ನು ನೋಡಿಕೊಳ್ಳುತ್ತಾರಲ್ಲ ಎಂಬುದು ಕೊನೆಯ ಪೂರ್ವಪಕ್ಷ. ಅವರು ಪ್ರತಿಯನ್ನು ಕಾಯುತ್ತಾರೆ; ಅದರೊಳಗಿರುವುದು ಸರಿಯೇ ಎಂದು ಓದಿ ನೋಡುವ ಕೆಲಸ ಗಿರಾಕಿಯದೇ. ನಮ್ಮ ನಾಡಿನಲ್ಲಿ ಇದನ್ನು ಅರಿತು ನಡೆದವರೂ ಇದ್ದಾರೆ. 2000ದ ಹೊತ್ತಿಗೆ ಜಮೀನು ದಾಖಲೆಗಳ ಭೂಮಿ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು, ಈ ಭಾಗದವರ ಬಾಯಲ್ಲಿ ಉತಾರಗಳು, ಕಂಪ್ಯೂಟರಿಗೆ ಏರಿದಾಗ, ಏರಿಸಿದ್ದನ್ನು ಮುದ್ರಿಸಿ ತಲಾಟಿಯ ಕೈಗೇ ಕೊಟ್ಟು ತಾಳೆ ನೋಡಿಸಿದರು. ಕೈಬರಹದ ಉತಾರಕ್ಕೆ ಮಾನ್ಯತೆ ತಪ್ಪಿಸಿದ್ದು ಆಮೇಲೆ. ಈ ಅನುಕ್ರಮದಲ್ಲೇ ಡೇಟಾಬೇಸ್ ಶಾಸ್ತ್ರದ ಸಾರವೆಲ್ಲ ಇದೆ.

ಆದ್ದರಿಂದ ಈ ಪ್ರಬಂಧದ ಶಿಫಾರಸು ಒಂದೇ. ಮಂಗಳೇಶನ ಕನ್ನಡ ಶಾಸನ ದತ್ತಿ ಕೆಡಿಸಿದವನು ಪಂಚಮಹಾಪಾತಕಿಯಾಗಿ ಏಳನೇ ನರಕದಲ್ಲಿ ಹುಳುವಾಗಲಿ ಎಂದು ಶಪಿಸುತ್ತದೆ. ಸೇವೆ ನಿಂತರೆ ಮುಂದಿನ ಬಿಲ್ಲಿನಲ್ಲಿ ಇಂತಿಷ್ಟು ಮುರಿದುಕೊಳ್ಳಲಾಗುವುದು ಎಂಬ ಇಂದಿನ ಕರಾರಿಗಿಂತ ಇದು ಎಷ್ಟೋ ಖಚಿತ. ಮುಂದಿನ ಟೆಂಡರಿನಲ್ಲಿ ಈ ಷರತ್ತನ್ನು ಸೇರಿಸತಕ್ಕದ್ದು; ಬ್ಯಾಕಪ್ ಕೆಡಿಸಿದವನಿಗಷ್ಟೇ ಅಲ್ಲದೆ, ಇಟ್ಟ ಬ್ಯಾಕಪ್ಪನ್ನು ಒಮ್ಮೆಯೂ ತೆರೆದು ನೋಡದವನಿಗೂ ಅದು ಅನ್ವಯವಾಗತಕ್ಕದ್ದು. ಹುಳುವಾಗುವವನು ಕ್ಲೌಡಿನವನೋ ಡಿಬಿಎಯೋ ಎಂಬ ವಿವಾದವೆದ್ದರೆ, ಹೊಣೆ ಇಬ್ಬರದೂ ಎಂದು ಕ್ಲೌಡಿನವರ ಕರಾರೇ ಹೇಳುವುದರಿಂದ, ಏಳನೇ ನರಕದಲ್ಲಿ ಇಬ್ಬರಿಗೂ ಜಾಗ ಕಾದಿರಿಸುವುದು ಕ್ಷೇಮ.