ಎಪ್ಪತ್ತು ದಾಟಿದ ಸ್ಕೌಟು

ವಯಸ್ಸಾದಂತೆ ಕೆಲವರಿಗೆ ಬಿಪಿ ಬರುತ್ತದೆ, ಕೆಲವರಿಗೆ ವೈರಾಗ್ಯ. ನಮ್ಮ ಸೋದರಮಾವನಿಗೆ ಬರುವುದು ಮಾತ್ರ ಸ್ಕೌಟ್ ಶಿಬಿರದ ಕರೆ. ಕೊರಳಿಗೆ ಸ್ಕಾರ್ಫ್ ಬಿದ್ದರೆ ಸಾಕು, ಮಂಡಿನೋವು ಮಾಯ! ಕೊಂಡಜ್ಜಿಯ ಶಿಬಿರಕ್ಕೆ ಹೊರಟರೆಂದರೆ ಅತ್ತೆ ಬಟ್ಟೆ ಒಣಹಾಕುವ ಹಗ್ಗ ಬಚ್ಚಿಡುತ್ತಾರೆ. ಗಂಟು ಕಲಿಸಲು ಹೋದ ಹಗ್ಗ ತಿರುಗಿ ಬಂದದ್ದಿಲ್ಲ.

1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಮೊದಲ ಸ್ಕೌಟ್ ಶಿಬಿರ ಹೂಡಿದ್ದು ಹುಡುಗರನ್ನು ತಿದ್ದಲು. ಆದರೆ ಹುಡುಗರು ಬೆಳೆದು ಎದ್ದುಹೋಗುತ್ತಾರೆ. ವರ್ಷವರ್ಷವೂ ಅಲ್ಲೇ ಉಳಿದು ತಿದ್ದಿಸಿಕೊಳ್ಳುವವರು ನಮ್ಮ ಮಾವನಂಥ ಸ್ಕೌಟ್ ಮಾಸ್ತರು. ಮದುವೆಯಾದ ಹೊಸತರಲ್ಲಿ ಉಪ್ಪು ಕಡಿಮೆಯಾದರೆ ಮಾವ ತಟ್ಟೆ ತಳ್ಳಿ ಏಳುತ್ತಿದ್ದರಂತೆ. ಶಿಬಿರದ ಮಕ್ಕಳು ಮಾಡಿದ ಅರೆಬೆಂದ ಅನ್ನ, ಹೊಗೆ ಹಿಡಿದ ಸಾರು ಉಂಡೂ ಉಂಡೂ ಈಗ ಏನು ಬಡಿಸಿದರೂ "ಭೇಷ್!" ಎಂದು ಚಪ್ಪಾಳೆ ತಟ್ಟುತ್ತಾರೆ. (ಅತ್ತೆಗೆ ಅದೇ ಅನುಮಾನ.) ಸಿಟ್ಟು ಇಳಿಯಿತು, ಪಾತ್ರೆ ತೊಳೆಯುವುದು ಬಂತು, ಮಳೆಯಲ್ಲೂ ಒಲೆ ಹೊತ್ತಿಸುವ ತಾಳ್ಮೆ ಬಂತು. ಎಡಗೈ ಕುಲುಕುವ ಸ್ಕೌಟ್ ಪದ್ಧತಿಯನ್ನು ಬೀಗರ ಮೇಲೂ ಪ್ರಯೋಗಿಸಿ ಒಂದು ನಿಶ್ಚಿತಾರ್ಥವನ್ನೇ ಅಲುಗಾಡಿಸಿದ್ದರು, ಅಷ್ಟೆ.

ಇಷ್ಟಕ್ಕೂ ಸಂಬಳ ಸೊನ್ನೆ. ನಿವೃತ್ತರಾಗಿ ಸೊಸೆಯ ಅಡುಗೆಗೆ ಹೆಸರಿಡುತ್ತ ಕೂತ ಗಂಡಸರು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಹತ್ತಿರದ ಸ್ಕೌಟ್ ದಳಕ್ಕೆ ಸೇರಿಸಿ.